ಎರಡನೆಯ ಬಟ್ಟಲು

ಹೆಸರುಕಾಳನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ನೀರು ಬಸಿದು, ತೇವದ ಬಟ್ಟೆಯಲ್ಲಿ ಗಂಟುಕಟ್ಟಿ ಮೂಲೆಯಲ್ಲಿಟ್ಟರೆ ಮರುದಿನಕ್ಕೆ ಅದು ಬೆಳ್ಳನೆಯ ಬಾಲವನ್ನು ಚಾಚುವುದೆಂಬುದು ನಮ್ಮ ಅಡಿಗೆಮನೆಗಳಲ್ಲಿ ಯಾರಿಗೂ ವಿಸ್ಮಯವನ್ನುಂಟುಮಾಡದ ಸಂಗತಿ. ಮೊಳೆಯದೆ ಹೋದ ದಿನ ಮಾತ್ರ ಮನೆಯಾಕೆಯು ಗಂಟನ್ನು ಬಿಚ್ಚಿ, ಮೂಸಿ ನೋಡಿ, ಕಾಳು ಹಳತಾಗಿತ್ತೋ, ನೀರಿನಲ್ಲೇನಾದರೂ ಬೆರೆತಿತ್ತೋ, ಪಾತ್ರೆಯ ತಳದಲ್ಲಿ ಸಾಬೂನಿನ ಅಂಶ ಉಳಿದಿತ್ತೋ ಎಂದು ಒಂದು ಕ್ಷಣ ಆಲೋಚಿಸುತ್ತಾಳೆ. ಆಮೇಲೆ ಆ ಕಾಳನ್ನು ಸಾರಿಗೆ ಹಾಕಿ, ವಿಷಯವನ್ನು ಮರೆಯುತ್ತಾಳೆ. ಆದರೆ ಆ ಕ್ಷಣದ ಮೂರು ಸಂಶಯಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಹೇಗೆಂಬ ಪ್ರಶ್ನೆಯು ಅಲ್ಪವಾದುದಲ್ಲ. ಮೊಳಕೆಯೊಡೆಯುವ ಬೀಜವನ್ನು ವಿಷದ ಸಾಕ್ಷಿಯನ್ನಾಗಿ ನಿಲ್ಲಿಸಿ ಪ್ರಶ್ನಿಸುವ ವಿದ್ಯೆಯು ಬಹು ಪ್ರಾಚೀನವಾದರೂ, ಆ ಸಾಕ್ಷಿಯ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದನ್ನು ಮನುಷ್ಯನು ಕಲಿತುದು ತೀರ ಈಚೆಗೆ. ಕಲಿತ ದಾರಿಯಲ್ಲಿ ಅವನು ಎಡವಿದ ಸ್ಥಳಗಳೂ ಕೆಲವು ಉಂಟು. ಆ ದಾರಿಯನ್ನು ಒಮ್ಮೆ ನಿಧಾನವಾಗಿ ನಡೆದು ನೋಡುವುದು ಈ ಲೇಖನದ ಉದ್ದೇಶ.

ಬೀಜವನ್ನು ಕೇಳುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಮನೆ ಕಟ್ಟಲು ಆರಿಸಿದ ನೆಲವು ಯೋಗ್ಯವೋ ಅಲ್ಲವೋ ಎಂಬುದನ್ನು ತಿಳಿಯಲು, ಅದನ್ನು ಉತ್ತು, ಎಲ್ಲ ಬಗೆಯ ಬೀಜಗಳನ್ನೂ ಬಿತ್ತಿ, ಅವು ಮೂರು ರಾತ್ರಿಗಳಲ್ಲಿ ಮೊಳೆತರೆ ಉತ್ತಮವೆಂದೂ ಐದಾದರೆ ಮಧ್ಯಮವೆಂದೂ ಏಳಾದರೆ ಕನಿಷ್ಠವೆಂದೂ ಎಣಿಸಬೇಕೆಂದು ಮತ್ಸ್ಯಪುರಾಣದ ವಾಸ್ತುಪ್ರಕರಣವು ವಿಧಿಸುತ್ತದೆ. ದೇವಾಲಯಗಳ ಉತ್ಸವಾರಂಭದಲ್ಲಿಯೂ ವಿವಾಹಗಳಲ್ಲಿಯೂ ನಡೆಯುವ ಅಂಕುರಾರ್ಪಣೆಯಲ್ಲಿ ಪಾಲಿಕೆಗಳೆಂಬ ಕುಡಿಕೆಗಳಲ್ಲಿ ಬಿತ್ತಿದ ಧಾನ್ಯವು ಸೊಂಪಾಗಿ ಎದ್ದರೆ ಶುಭವೆಂದು ಭಾವಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಭೂಪರೀಕ್ಷೆಯ ವಿಧಿಯಲ್ಲಿ ಒಂದು ನಿಜವಾದ ವಿವೇಕವಿದೆ: ಉಪ್ಪುನೆಲ, ಚೌಳುನೆಲಗಳು ಕಣ್ಣಿಗೆ ಕಾಣದಿದ್ದರೂ ಬೀಜಕ್ಕೆ ಕಾಣುತ್ತವೆ. ಆದರೂ ಅಲ್ಲಿ ಒಂದು ಕೊರತೆಯುಂಟು. ಅದೇ ದಿನ, ಅದೇ ಬೀಜವನ್ನು, ಒಳ್ಳೆಯದೆಂದು ಮೊದಲೇ ತಿಳಿದಿರುವ ಇನ್ನೊಂದು ನೆಲದಲ್ಲಿ ಬಿತ್ತಿ ಹೋಲಿಸಿ ನೋಡೆಂದು ವಿಧಿಯು ಹೇಳುವುದಿಲ್ಲ; ಆದುದರಿಂದ ಮಾಗಿಯ ಚಳಿಗೆ ನಿಧಾನವಾದ ಮೊಳಕೆಯ ಅಪರಾಧವನ್ನು ನೆಲವೇ ಹೊರಬೇಕಾಗುತ್ತದೆ.

ಇದೇ ಕೊರತೆಯನ್ನು ಈಜಿಪ್ಟಿನ ಒಂದು ಪ್ರಸಿದ್ಧ ಪ್ರಯೋಗದಲ್ಲಿಯೂ ಕಾಣಬಹುದು. ಈಗ ಬರ್ಲಿನ್ ನಗರದಲ್ಲಿರುವ, ಸುಮಾರು ಮೂರು ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯದಾದ ವೈದ್ಯಕೀಯ ಪಪೈರಸ್ ಸುರುಳಿಯೊಂದರಲ್ಲಿ, ಸ್ತ್ರೀಯು ಗರ್ಭಿಣಿಯೋ ಅಲ್ಲವೋ ಎಂಬುದನ್ನು ಗೋಧಿ ಮತ್ತು ಬಾರ್ಲಿಗಳಿಂದ ಅರಿಯುವ ಕ್ರಮವು ಬರೆದಿದೆ. ಎರಡು ಚೀಲಗಳಲ್ಲಿರುವ ಆ ಧಾನ್ಯಗಳನ್ನು ಆಕೆ ತನ್ನ ಮೂತ್ರದಿಂದ ದಿನವೂ ತೋಯಿಸಬೇಕು; ಎರಡೂ ಮೊಳೆಯದಿದ್ದರೆ ಗರ್ಭವಿಲ್ಲ; ಮೊಳೆತರೆ, ಯಾವುದು ಮೊಳೆಯಿತೆಂಬುದರ ಮೇಲಿಂದ ಗಂಡೋ ಹೆಣ್ಣೋ ಎಂಬ ನಿರ್ಣಯ. ಇದನ್ನು ಓದಿ ಮುಗುಳ್ನಗಬಹುದಾಗಿದ್ದ ವಿದ್ವಾಂಸರು 1963ರಲ್ಲಿ ತಬ್ಬಿಬ್ಬಾದರು. ಏಕೆಂದರೆ ಕೈರೋದ ಘಲಿಯೂಂಗಿ ಎಂಬ ವೈದ್ಯರೂ ಅವರ ಸಹಚರರೂ ಈ ಕ್ರಮವನ್ನು ಹೊಸದಾಗಿ ಪರೀಕ್ಷಿಸಿದಾಗ, ಪುರುಷರ ಮತ್ತು ಗರ್ಭಿಣಿಯರಲ್ಲದ ಸ್ತ್ರೀಯರ ಮೂತ್ರವು ಬೀಜವನ್ನು ಮೊಳೆಯಗೊಡಲಿಲ್ಲವೆಂದೂ, ಗರ್ಭಿಣಿಯರ ಮೂತ್ರದಲ್ಲಿ ನೂರಕ್ಕೆ ಸುಮಾರು 70ರಷ್ಟು ಪ್ರಸಂಗಗಳಲ್ಲಿ ಬೀಜವು ಮೊಳೆಯಿತೆಂದೂ ಕಂಡುಬಂದಿತು. ಗಂಡುಹೆಣ್ಣಿನ ಭವಿಷ್ಯವಾದರೋ ಸುಳ್ಳಾಯಿತು. ಇಲ್ಲಿ ನಾವು ಗಮನಿಸತಕ್ಕ ಅಂಶವೆಂದರೆ, ಆ ಪ್ರಾಚೀನರು ವಾಸ್ತವವಾಗಿ ಕಂಡುಕೊಂಡದ್ದು ಮೂತ್ರದ ವಿಷತ್ವವನ್ನು. ಅದು ಸಾಮಾನ್ಯವಾಗಿ ಬೀಜಕ್ಕೆ ಮಾರಕವೆಂಬುದನ್ನು. ಉಳಿದುದು ಆ ಮಾರಕತ್ವದಲ್ಲಿನ ಹೆಚ್ಚುಕಡಮೆಯ ಮಾತು. ಬೀಜವು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರವಿತ್ತಿತು. ಕೇಳಿದವರು ಎರಡನೆಯ ಪ್ರಶ್ನೆಯ ಉತ್ತರವನ್ನೂ ಅದರ ಬಾಯಲ್ಲಿ ತುರುಕಿದರು.

ಮನೆಯೊಳಗೆ, ಮನೆಯ ಸಾಮಗ್ರಿಗಳಿಂದಲೇ, ಬೀಜದ ಮೇಲೆ ಲವಣದ ಪ್ರಭಾವವನ್ನು ಎಣಿಕೆ ಇಟ್ಟು ನೋಡಿದ ಮಹನೀಯರಲ್ಲಿ ಚಾರ್ಲ್ಸ್ ಡಾರ್ವಿನ್ನರ ಹೆಸರು ಮೊದಲು ಬರಬೇಕಾದುದು. 1855ರ ವಸಂತಕಾಲದಲ್ಲಿ ಕೆಂಟ್ ಪ್ರಾಂತದ ಡೌನ್ ಗ್ರಾಮದ ತಮ್ಮ ಮನೆಯಲ್ಲಿ, ಸಾಗರಮಧ್ಯದ ದ್ವೀಪಗಳಿಗೆ ಸಸ್ಯಗಳು ಹೋಗಿ ಸೇರಿದ ಬಗೆ ಹೇಗೆಂಬ ಪ್ರಶ್ನೆಯನ್ನು ಹಿಡಿದು, ಅವರು ಕೃತಕವಾಗಿ ಸಮುದ್ರದ ನೀರನ್ನು ಸಿದ್ಧಪಡಿಸಿ, ಸಣ್ಣ ಸಣ್ಣ ಸೀಸೆಗಳಲ್ಲಿ ಮೂಲಂಗಿ, ಕೋಸು, ಗಜ್ಜರಿ, ಈರುಳ್ಳಿ, ಲೆಟ್ಯೂಸ್ ಮೊದಲಾದವುಗಳ ಬೀಜಗಳನ್ನು ಮುಳುಗಿಸಿಟ್ಟರು. ಕೆಲವು ಸೀಸೆಗಳು ಹೊರಗಿನ ನೆರಳಿನಲ್ಲಿ. ಇನ್ನು ಕೆಲವು ನೆಲಮಾಳಿಗೆಯಲ್ಲಿ, ಹಿಮವನ್ನು ತುಂಬಿದ ತೊಟ್ಟಿಯಲ್ಲಿ. ದಿನಗಳುರುಳಿದಂತೆ ಕೋಸು ಮೂಲಂಗಿಗಳ ನೀರು ದುರ್ನಾತವನ್ನು ಹೊಮ್ಮಿಸಿತು. ನಮ್ಮಲ್ಲಿ ಬಾಣಂತಿಯರಿಗೆ ಪಾಯಸ ಮಾಡಿಕೊಡುವ ಅಳವಿ ಬೀಜದ ಜಾತಿಯದೇ ಆದ ಕ್ರೆಸ್ ಬೀಜವು ಲೋಳೆಯನ್ನು ಬಿಟ್ಟುಕೊಂಡು ಒಂದಕ್ಕೊಂದು ಅಂಟಿಕೊಂಡಿತು. ಬೀಜಗಳನ್ನು ಆಗಾಗ ತೆಗೆದು ಬಿತ್ತಿ, ಮೊಳೆತವೆಷ್ಟು ಸತ್ತವೆಷ್ಟೆಂದು ಡಾರ್ವಿನ್ನರು ಲೆಕ್ಕವಿಡುತ್ತಿದ್ದರು. ಸಸ್ಯಶಾಸ್ತ್ರಜ್ಞರಾದ ಹುಕರ್ ಮಹಾಶಯರಿಗೆ ಈ ವಿಷಯದಲ್ಲಿದ್ದ ಸಂಶಯವನ್ನು ಮನೆಯ ಮಕ್ಕಳೂ ಬಲ್ಲವರಾಗಿದ್ದು, ಹುಕರರನ್ನು ಸೋಲಿಸುವಿರೇನೆಂದು ತಂದೆಯನ್ನು ಕುತೂಹಲದಿಂದ ಕೇಳುತ್ತಿದ್ದರಂತೆ. ಕಟ್ಟಕಡೆಗೆ 87 ಬಗೆಯ ಬೀಜಗಳಲ್ಲಿ 64 ಬಗೆಗಳು 28 ದಿನಗಳ ಲವಣಸ್ನಾನವನ್ನು ಸಹಿಸಿ ಮೊಳೆತವು. ದ್ವಿದಳ ಧಾನ್ಯಗಳ ಕುಲವು ಮಾತ್ರ ಉಪ್ಪಿಗೆ ಬಹು ಬೇಗ ಸೋತಿತು. ಮೆಣಸಿನಕಾಯಿಯ ಬೀಜವೋ 137 ದಿನಗಳಾದ ಮೇಲೂ ಅರ್ಧಕ್ಕಿಂತ ಹೆಚ್ಚಾಗಿ ಮೊಳೆತು ಎಲ್ಲವನ್ನೂ ಮೀರಿಸಿತು.

ಈ ಪ್ರಯೋಗದ ಸ್ವಾರಸ್ಯವಿರುವುದು ಅದರ ದೊಡ್ಡ ಫಲಿತಾಂಶದಲ್ಲಿ ಮಾತ್ರವಲ್ಲ. ಒಂದೇ ಬೀಜವನ್ನು ಎರಡು ಸ್ಥಿತಿಗಳಲ್ಲಿಟ್ಟು ಹೋಲಿಸುವುದು, ದಿನವನ್ನು ಬರೆದಿಡುವುದು, ಸತ್ತುದನ್ನೂ ಬದುಕಿದುದನ್ನೂ ಒಂದೇ ಶ್ರದ್ಧೆಯಿಂದ ಎಣಿಸುವುದು, ಈ ಶೀಲವು ಅಲ್ಲಿ ಮನೆಯ ನೆಲಮಾಳಿಗೆಗೆ ಇಳಿದು ಬಂದಿತು. ದುಬಾರಿ ಉಪಕರಣವೊಂದೂ ಅಲ್ಲಿರಲಿಲ್ಲ. ಇದ್ದವು ಸೀಸೆ, ಉಪ್ಪು, ಹಿಮ, ಮತ್ತು ಬೇಸರವಿಲ್ಲದ ಒಂದು ಜೊತೆ ಕಣ್ಣುಗಳು.

ಅಲ್ಲಿಂದ ಮುಂದೆ ಕಾರ್ಯವು ಪ್ರಯೋಗಶಾಲೆಗಳಿಗೆ ಸಾಗಿತು. ಸಾಕ್ಸನಿಯ ಥಾರಾಂಟ್ ಎಂಬಲ್ಲಿ ಫ್ರೀಡ್ರಿಕ್ ನೊಬೆ ಎಂಬವರು 1869ರಲ್ಲಿ ಬೀಜಪರೀಕ್ಷಾ ಕೇಂದ್ರವನ್ನು ಸ್ಥಾಪಿಸಿ, ಮಾರಾಟದ ಬೀಜದಲ್ಲಿ ನೂರಕ್ಕೆ ಎಷ್ಟು ಮೊಳೆಯುವುದೆಂದು ಗೊತ್ತುಮಾಡುವ ಕ್ರಮಗಳನ್ನು ವ್ಯವಸ್ಥೆಗೊಳಿಸಿದರು. ನಮ್ಮ ಒಕ್ಕಲಿಗನು ಬಿತ್ತನೆಗೆ ಮುಂಚೆ ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಎಣಿಸುವುದು ಅದೇ ವಿದ್ಯೆ. ಮನೆಯಾಕೆಯ ಮೊದಲನೆಯ ಸಂಶಯಕ್ಕೆ, ಎಂದರೆ ಕಾಳೇ ಹಳತಾಗಿತ್ತೋ ಎಂಬುದಕ್ಕೆ, ಇಲ್ಲಿ ಉತ್ತರ ದೊರೆಯಿತು.

ಎರಡನೆಯದು ನೀರಿನ ಸಂಶಯ. ಇದನ್ನು ಬಿಡಿಸಿಕೊಂಡ ಬಗೆ ಬಹು ವಿಚಿತ್ರವಾದುದು. ಪರೀಕ್ಷೆಗೆ ಶುದ್ಧವಾದ ನೀರು ಬೇಕೆಂದು ಭಟ್ಟಿಯಿಳಿಸಿ ತಂದ ನೀರಿನಲ್ಲಿಯೇ ಬೇರುಗಳೂ ಪಾಚಿಗಳೂ ಸಾಯುತ್ತಿದ್ದುದನ್ನು ಕಂಡು ಹತ್ತೊಂಬತ್ತನೆಯ ಶತಮಾನದ ಶಾಸ್ತ್ರಜ್ಞರು ಕಂಗೆಟ್ಟಿದ್ದರು. ಶುದ್ಧತೆಯೇ ವಿಷವೇ? ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯೂನಿಕ್ಕಿನಲ್ಲಿ ಬಾಳಿದ ಕಾರ್ಲ್ ನೇಗೆಲಿಯವರು ಕೊಳದ ದಾರಪಾಚಿಯಾದ ಸ್ಪೈರೋಗೈರವನ್ನು ಹಿಡಿದು ಈ ಒಗಟನ್ನು ಬೆನ್ನಟ್ಟಿದರು. ಅವರು ತೀರಿಕೊಂಡ ಮೇಲೆ, 1893ರಲ್ಲಿ, ಪ್ರಕಟವಾದ ಲೇಖನದಿಂದ ತಿಳಿದುಬಂದುದೇನೆಂದರೆ, ದೋಷವು ನೀರಿನದಲ್ಲ, ಭಟ್ಟಿಯ ತಾಮ್ರದ್ದು. ಕಣ್ಣಿಗಾಗಲಿ ನಾಲಿಗೆಗಾಗಲಿ ನಿಲುಕದಷ್ಟು ಅತ್ಯಲ್ಪವಾದ ತಾಮ್ರವು ನೀರಿನಲ್ಲಿ ಕರಗಿ ಜೀವಕೋಶಗಳನ್ನು ಕೊಲ್ಲುತ್ತಿತ್ತು. ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ನಮ್ಮ ಹಿರಿಯರ ರೂಢಿಗೆ ಇದೇ ಗುಣವು ಆಧಾರ: ರೋಗಾಣುಗಳನ್ನು ಕೊಲ್ಲುವಷ್ಟು ಬಲವು ಆ ಅಂಶಮಾತ್ರದ ಲೋಹಕ್ಕುಂಟು. ಮನುಷ್ಯನಿಗೆ ಹಿತವಾದುದು ಪಾಚಿಗೆ ಮೃತ್ಯುವಾಗಬಲ್ಲುದೆಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ; ಮುಂದೆ ಅದರಿಂದ ಪ್ರಯೋಜನವಿದೆ. ನಿರಪರಾಧಿಯೆಂದು ನಾವು ಹೋಲಿಕೆಗಾಗಿ ಪಕ್ಕದಲ್ಲಿ ನಿಲ್ಲಿಸಿಕೊಂಡ ಎರಡನೆಯ ಬಟ್ಟಲನ್ನೂ ಒಮ್ಮೆ ಸಂಶಯದಿಂದ ನೋಡಬೇಕೆಂಬ ಪಾಠವು ನೇಗೆಲಿಯವರಿಂದ ಬಂದುದು.

ಇದಾದ ಮೂರೇ ವರ್ಷಕ್ಕೆ, 1896ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಕಾಹ್ಲೆನ್‌ಬರ್ಗ್ ಮತ್ತು ಸಸ್ಯಶಾಸ್ತ್ರದ ಟ್ರೂ ಎಂಬ ಇಬ್ಬರು ಕೂಡಿ, ಬಿಳಿಯ ಲುಪಿನ್ ಎಂಬ ದ್ವಿದಳ ಸಸ್ಯದ ಎಳೆಯ ಬೇರುಗಳ ಮೇಲೆ ಮಸಿಯಿಂದ ಗುರುತಿಟ್ಟು, ಅವನ್ನು ನಾನಾ ಆಮ್ಲಗಳ ಮತ್ತು ಲವಣಗಳ ದ್ರಾವಣಗಳಲ್ಲಿ ಇಳಿಬಿಟ್ಟರು. ಒಂದೊಂದು ದ್ರಾವಣವನ್ನೂ ಮೆಟ್ಟಿಲು ಮೆಟ್ಟಿಲಾಗಿ ತೆಳುಮಾಡುತ್ತ ಹೋಗಿ, ಬೇರು ಸಾಯುವುದು ನಿಂತು ಬೆಳೆಯತೊಡಗುವ ಸೀಮೆ ಯಾವುದೆಂದು ಗುರುತಿಸುವುದು ಅವರ ವಿಧಾನ. ತಾಮ್ರದ ಲವಣಗಳನ್ನು ಯಾವ ಆಮ್ಲದಿಂದ ಮಾಡಿದ್ದರೂ ಅವುಗಳ ಸೀಮೆ ಒಂದೇ; ತೀಕ್ಷ್ಣವಾದ ಆಮ್ಲಗಳು ಬೇರೆಬೇರೆಯಾದರೂ ಸಮಾನಾಂಶಗಳಲ್ಲಿ ತೆಗೆದುಕೊಂಡಾಗ ಅವುಗಳ ಸೀಮೆಯೂ ಒಂದೇ. ಲವಣವು ನೀರಿನಲ್ಲಿ ಒಡೆದು ವಿದ್ಯುದಂಶವುಳ್ಳ ಅಯಾನುಗಳಾಗುತ್ತದೆಂದು 1887ರಲ್ಲಿ ಅರೇನಿಯಸ್ಸರು ಹೇಳಿದ್ದ ಸಿದ್ಧಾಂತಕ್ಕೆ, ಅದನ್ನು ನಂಬಲು ಅನೇಕರು ಇನ್ನೂ ಹಿಂಜರಿಯುತ್ತಿದ್ದ ಕಾಲದಲ್ಲಿ, ಹೀಗೆ ಒಂದು ಕಾಳಿನ ಬೇರು ಸಾಕ್ಷ್ಯ ನುಡಿಯಿತು. ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಇದರಷ್ಟು ಸುಂದರವಾದ ಪ್ರಸಂಗ ಇನ್ನೊಂದಿಲ್ಲ. ತೆಳುಮಾಡುತ್ತ ಹೋಗುವ ಆ ಮೆಟ್ಟಿಲುಗಳ ಕ್ರಮವೇ ಇಂದಿಗೂ ವಿಷಪರೀಕ್ಷೆಯ ಬೆನ್ನೆಲುಬು. ಏಕೆಂದರೆ, ವಿಷವೋ ಅಲ್ಲವೋ ಎಂಬ ಪ್ರಶ್ನೆಗಿಂತ, ಎಷ್ಟಾದರೆ ವಿಷ ಎಂಬುದು ಅರ್ಥವುಳ್ಳ ಪ್ರಶ್ನೆ.

ನೀರಿನಂತೆ ಗಾಳಿಯೂ ಮೊಳಕೆಯ ಕಣ್ಣಿಗೆ ಬಿದ್ದಿತು. ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ನೆಲ್ಯೂಬೋವ್ ಎಂಬ ತರುಣನು ಕತ್ತಲ ಕೋಣೆಯಲ್ಲಿ ಬೆಳೆಸಿದ ಬಟಾಣಿಯ ಸಸಿಗಳು ನೆಟ್ಟಗೆ ಏಳದೆ, ಕುಳ್ಳಾಗಿ, ದಪ್ಪನಾಗಿ, ಅಡ್ಡಡ್ಡಲಾಗಿ ಹರಿಯುತ್ತಿದ್ದವು. ಹೊರಗಿನ ಗಾಳಿಯನ್ನು ಕೊಟ್ಟಾಗ ನೆಟ್ಟಗಾಗುತ್ತಿದ್ದವು. ಪ್ರಯೋಗಶಾಲೆಯ ದೀಪಗಳಿಗೆ ಉರಿಸುತ್ತಿದ್ದ ಕಲ್ಲಿದ್ದಲ ಅನಿಲವು ಗಾಳಿಯಲ್ಲಿ ಸೋರುತ್ತಿತ್ತೆಂದೂ, ಅದರಲ್ಲಿ ಸಸಿಯನ್ನು ಬಗ್ಗಿಸುವ ಅಂಶವು ಮುಖ್ಯವಾಗಿ ಎಥಿಲೀನ್ ಎಂದೂ ಅವನು 1901ರಲ್ಲಿ ಪ್ರಕಟಿಸಿದನು. ಕೆಲವೇ ವರ್ಷಗಳ ತರುವಾಯ ಷಿಕಾಗೋದಲ್ಲಿ ಕಾರ್ನೇಷನ್ ಹೂಗಳು ಅದೇ ಅನಿಲಕ್ಕೆ ಮುದುಡಿದಾಗ, ಅಲ್ಲಿಯ ಕ್ರಾಕರ್ ಮತ್ತು ನೈಟರು ಕಾರಣವನ್ನು ಹುಡುಕಿ ಕಂಡರಲ್ಲದೆ, ಕತ್ತಲಲ್ಲಿ ಬೆಳೆಸಿದ ಬಟಾಣಿ ಜಾತಿಯ ಸಸಿಯು ಅಂದಿನ ರಾಸಾಯನಿಕ ಪರೀಕ್ಷೆಗಳಿಗಿಂತ ಸೂಕ್ಷ್ಮವಾಗಿ ಆ ಅನಿಲವನ್ನು ಹಿಡಿಯುತ್ತದೆಂದು ಸಾರಿದರು. ಬಾಳೆಗೊನೆಯನ್ನು ಮುಚ್ಚಿಟ್ಟು ಹೊಗೆ ಹಾಕಿ ಹಣ್ಣುಮಾಡುವ ನಮ್ಮ ಹಳ್ಳಿಗರು ಉಪಯೋಗಿಸುತ್ತ ಬಂದುದೂ ಹೊಗೆಯಲ್ಲಿರುವ ಇದೇ ಎಥಿಲೀನನ್ನೇ. 1928ರಲ್ಲಿ ಜಗದೀಶಚಂದ್ರ ಬೋಸರ ಕಲ್ಕತ್ತೆಯ ಮಂದಿರಕ್ಕೆ ಅತಿಥಿಯಾಗಿ ಬಂದಿದ್ದ ವಿಯೆನ್ನಾದ ಹಾನ್ಸ್ ಮೋಲಿಷ್ ಎಂಬ ವೃದ್ಧ ವಿದ್ವಾಂಸರು, ಪಕ್ವವಾದ ಸೇಬಿನ ಉಸಿರು ಬಳಿಯ ಬಟಾಣಿ ಸಸಿಗಳನ್ನು ಕುಂಠಿತಗೊಳಿಸುವುದನ್ನು ಮುಂದೆ ತೋರಿಸಿ, ಸಸ್ಯವು ಸಸ್ಯಕ್ಕೆ ರಾಸಾಯನಿಕವಾಗಿ ಹಿತಾಹಿತವನ್ನುಂಟುಮಾಡುವ ಈ ವ್ಯಾಪಾರಕ್ಕೆ 1937ರಲ್ಲಿ ಅಲೆಲೋಪತಿ ಎಂದು ನಾಮಕರಣಮಾಡಿದರು.

ಇನ್ನು ಹೇಳಬೇಕಾದ ಪ್ರಸಂಗವು ಮನಸ್ಸನ್ನು ನೋಯಿಸುವಂಥದು. ಆದರೂ ಅದನ್ನು ಬಿಟ್ಟುಬಿಟ್ಟರೆ ಈ ಇತಿಹಾಸವು ಅಪ್ರಾಮಾಣಿಕವಾಗುತ್ತದೆ. ಗಂಟಲಮಾರಿಯ ಪರೀಕ್ಷೆಯೊಂದರಿಂದ ಪ್ರಖ್ಯಾತರಾಗಿದ್ದ ವಿಯೆನ್ನಾದ ಮಕ್ಕಳ ವೈದ್ಯ ಬೇಲಾ ಷಿಕ್ ಎಂಬವರು, ತಮಗೆ ಬಂದ ಗುಲಾಬಿಗಳನ್ನು ನೀರಿನಲ್ಲಿಡಲು ಮನೆಯ ಕೆಲಸದಾಕೆಯ ಕೈಗೆ ಕೊಟ್ಟಾಗ ಅವು ಮರುದಿನಕ್ಕೆ ಬಾಡಿಹೋದುದನ್ನೂ, ಆಕೆ ಆ ದಿನ ಮುಟ್ಟಾಗಿದ್ದುದನ್ನೂ ಜೋಡಿಸಿ, ರಜಸ್ವಲೆಯ ದೇಹದಲ್ಲಿ ಒಂದು ವಿಷವಿರುವುದೆಂದು 1920ರಲ್ಲಿ ಬರೆದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಔಷಧಶಾಸ್ತ್ರಜ್ಞರಾದ ಡೇವಿಡ್ ಮಾಕ್ಟ್ ಎಂಬವರು ಆ ಮಾತನ್ನು ಹಿಡಿದು, 1924ರಲ್ಲಿ ತಮ್ಮ ಸಹಚರಿಯೊಡನೆ, ಅದೇ ಬಿಳಿಯ ಲುಪಿನ್ನಿನ ಸಸಿಗಳನ್ನು ಅಂಥ ಸ್ತ್ರೀಯರ ರಕ್ತದ ಅಂಶವಿರುವ ದ್ರಾವಣದಲ್ಲಿ ಬೆಳೆಸಿ, ಬೇರಿನ ಬೆಳವಣಿಗೆ ಕುಗ್ಗಿತೆಂದು ವರದಿಮಾಡಿದರು. ಮಾಕ್ಟರು ವಿಧಾನವನ್ನರಿಯದವರೇನಲ್ಲ: ಪರೀಕ್ಷೆಯ ದ್ರಾವಣದಲ್ಲಿನ ಬೇರಿನ ಉದ್ದವನ್ನು ಸಾಮಾನ್ಯ ದ್ರಾವಣದಲ್ಲಿನ ಉದ್ದಕ್ಕೆ ಭಾಗಿಸಿ ನೂರಕ್ಕೆ ಇಷ್ಟೆಂದು ಹೇಳುವ ಸೂಚ್ಯಂಕವನ್ನು ಬಳಕೆಗೆ ತಂದವರೇ ಅವರು, ಮಾರಕ ರಕ್ತಹೀನತೆಯ ರೋಗಿಗಳನ್ನು ಇದರಿಂದ ಗುರುತಿಸಬಹುದೆಂದು ವಾದಿಸಿದವರೂ ಅವರೇ. ಎರಡನೆಯ ಬಟ್ಟಲು ಅವರ ಮುಂದಿತ್ತು. ಆದರೂ ಅವರು ಕಂಡ ಆ ‘ರಜೋವಿಷ’ವನ್ನು ಯಾರೂ ಎಂದೂ ಬೇರ್ಪಡಿಸಿ ತೋರಿಸಲಿಲ್ಲ. ಧರ್ಮನಿಷ್ಠರಾದ ಯಹೂದ್ಯರಾಗಿದ್ದ ಅವರು 1953ರಲ್ಲಿ, ತಮ್ಮ ಧರ್ಮಗ್ರಂಥವು ತಿನ್ನಬಹುದು ತಿನ್ನಬಾರದೆಂದು ವಿಂಗಡಿಸಿದ ಪ್ರಾಣಿಗಳ ಮಾಂಸರಸವನ್ನು ಅದೇ ಸಸಿಗಳಿಗೆ ಉಣಿಸಿ, ಗ್ರಂಥವು ನಿಷೇಧಿಸಿದುದೇ ಹೆಚ್ಚು ವಿಷವಾಗಿ ಕಂಡಿತೆಂದು ಪ್ರಕಟಿಸಿದರು.

ಇದನ್ನು ಓದುವಾಗ ನಮ್ಮ ಮನೆಗಳ ನೆನಪಾಗದೆ ಇರದು. ಮೂರು ದಿನ ಹೊರಗೆ ಕೂತ ಹೆಣ್ಣುಮಗಳು ತುಳಸಿಯನ್ನು ಮುಟ್ಟಿದರೆ ಒಣಗುತ್ತದೆ, ಮಲ್ಲಿಗೆಯನ್ನು ಮುಟ್ಟಿದರೆ ಬಾಡುತ್ತದೆ, ವೀಳ್ಯದೆಲೆಯ ತೋಟಕ್ಕೆ ಕಾಲಿಟ್ಟರೆ ಬಳ್ಳಿ ಸಾಯುತ್ತದೆ, ಉಪ್ಪಿನಕಾಯಿಯ ಜಾಡಿಗೆ ಕೈಯಿಟ್ಟರೆ ಬೂಸಲು ಹಿಡಿಯುತ್ತದೆ ಎಂಬ ಮಾತುಗಳನ್ನು ಕೇಳಿ, ನಂಬಿ, ಮೂಲೆಯಲ್ಲಿ ಕುಳಿತು ಬಾಲ್ಯವನ್ನು ಕಳೆದ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ! ಆ ನಂಬಿಕೆಯು ಒಂದು ಕಾಲಕ್ಕೆ ಪಶ್ಚಿಮದ ಪ್ರಯೋಗಶಾಲೆಯ ಬಿಳಿಯ ಅಂಗಿಯನ್ನು ತೊಟ್ಟು ನಿಂತಿತ್ತೆಂಬುದು ತಿಳಿದಾಗ ನನಗೆ ಕೋಪಕ್ಕಿಂತ ದುಃಖವೇ ಹೆಚ್ಚಾಯಿತು. ಬೀಜವು ಸುಳ್ಳು ಹೇಳಿರಲಾರದು. ರಕ್ತದ ಯಾವ ಅಂಶವೂ ಒಂದಿಲ್ಲೊಂದು ಪ್ರಮಾಣದಲ್ಲಿ ಎಳೆಯ ಬೇರನ್ನು ಬಾಧಿಸಬಲ್ಲುದು. ಆದರೆ ಉತ್ತರವನ್ನು ಮೊದಲೇ ಬಲ್ಲವನ ಕೈಯಲ್ಲಿ ಅಳತೆಪಟ್ಟಿಯು ಒಂದು ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ. ಹತ್ತು ಬೇರುಗಳಲ್ಲಿ ಯಾವುದನ್ನು ರೋಗಿಷ್ಠವೆಂದು ಬಿಡಬೇಕು, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ನಿರ್ಣಯವು ಅರಿಯದಂತೆಯೇ ಓರೆಯಾಗುತ್ತದೆ. ಎರಡನೆಯ ಬಟ್ಟಲು ಇದ್ದರೆ ಸಾಲದು. ಅಳೆಯುವವನಿಗೆ ಯಾವುದು ಮೊದಲನೆಯದು ಯಾವುದು ಎರಡನೆಯದೆಂಬುದು ತಿಳಿದಿರಬಾರದು.

ಇದರ ನಡುವೆ, ಸ್ವೀಡನ್ನಿನ ಲುಂಡ್ ನಗರದಲ್ಲಿ, ಆಲ್ಬರ್ಟ್ ಲೆವಾನ್ ಎಂಬವರು ನಮ್ಮ ಅಡಿಗೆಮನೆಯ ಈರುಳ್ಳಿಯನ್ನು ಈ ಶಾಸ್ತ್ರಕ್ಕೆ ಕರೆತಂದರು. ಗಡ್ಡೆಯ ತಳವು ಮಾತ್ರ ದ್ರಾವಣಕ್ಕೆ ತಗಲುವಂತೆ ಅದನ್ನು ಸಣ್ಣ ನಳಿಕೆಯ ಬಾಯಿಯ ಮೇಲೆ ಕೂರಿಸಿದರೆ ಬಿಳಿಯ ಬೇರುಗಳು ಇಳಿಯುತ್ತವೆ. ಆ ಬೇರುಗಳ ತುದಿಯಲ್ಲಿ ಜೀವಕೋಶಗಳು ಎಡೆಬಿಡದೆ ಇಬ್ಭಾಗವಾಗುತ್ತಿರುವುದರಿಂದಲೂ, ಈರುಳ್ಳಿಯ ವರ್ಣತಂತುಗಳು ದೊಡ್ಡವಾಗಿದ್ದು ಸಂಖ್ಯೆಯಲ್ಲಿ ಹದಿನಾರೇ ಆಗಿರುವುದರಿಂದಲೂ, ವಿಷವು ಜೀವಕೋಶದ ಒಳಗೆ ಎಸಗುವ ಅನರ್ಥವನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣಬಹುದು. 1938ರಲ್ಲಿ ಅವರು ಹೀಗೆ ಪರೀಕ್ಷಿಸಿದುದು ಕಾಲ್ಚಿಸೀನ್ ಎಂಬ ಸಸ್ಯವಿಷವನ್ನು. ನಮ್ಮ ಬೇಲಿಸಾಲಿನಲ್ಲಿ ಉರಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿಯೂ ಅದುಂಟು. ಬೇರಿನ ತುದಿಗಳು ಗಂಟುಗಂಟಾಗಿ ಊದಿಕೊಂಡವು. ಅದೇ ನಗರದ ಗೈರಿಡ್ ಫಿಸ್ಕೆಷ್ಯೋ ಎಂಬ ವಿದುಷಿಯು 1985ರಲ್ಲಿ ಈ ಕ್ರಮವನ್ನು ನದಿ ಕೆರೆಗಳ ನೀರಿನ ಮಾಲಿನ್ಯವನ್ನು ಅಳೆಯುವ ಸಾಮಾನ್ಯ ಮಾನದಂಡವಾಗಿ ರೂಪಿಸಿದರು. ಆ ವೇಳೆಗೆ ಇಟಲಿಯ ಜುಕೋನಿ ಮತ್ತು ಅವರ ಸಂಗಡಿಗರು ಕ್ರೆಸ್ ಬೀಜದಿಂದ ಗೊಬ್ಬರದ ಪಕ್ವತೆಯನ್ನು ತಿಳಿಯುವ ಕ್ರಮವನ್ನು 1981ರಲ್ಲಿ ಪ್ರಕಟಿಸಿದ್ದರು. ಅಮೆರಿಕದ ಪರಿಸರ ಇಲಾಖೆಯೂ ಐರೋಪ್ಯ ದೇಶಗಳೂ ಬೀಜಪರೀಕ್ಷೆಯನ್ನು ಅಧಿಕೃತ ಕ್ರಮಗಳ ಪಟ್ಟಿಗೆ ಸೇರಿಸಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ಕೆನಡಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರದ ಬೆಂಬಲದಿಂದ, ಲೆಟ್ಯೂಸ್ ಬೀಜ ಮತ್ತು ಈರುಳ್ಳಿಗಳಂಥ ಅಗ್ಗದ ಸಾಕ್ಷಿಗಳಿಂದ ನೀರನ್ನು ಪರೀಕ್ಷಿಸುವ ಕಾರ್ಯದಲ್ಲಿ ಕೂಡಿದ ಎಂಟು ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ಆದರೆ ಈ ವಿದ್ಯೆಯು ಮತ್ತೆ ಮನೆಯಂಗಳಕ್ಕೆ ಮರಳಿದ ಬಗೆಯು ಇನ್ನೂ ಹೆಚ್ಚು ಹೃದಯಕ್ಕೆ ತಾಗುವಂಥದು. 2008ರ ಬೇಸಗೆಯಲ್ಲಿ ಬ್ರಿಟನ್ನಿನ ಅನೇಕ ಕೈತೋಟಗಳಲ್ಲಿ ಆಲೂಗಡ್ಡೆ, ಹುರುಳಿಕಾಯಿ, ಟೊಮ್ಯಾಟೊ ಗಿಡಗಳ ಎಲೆಗಳು ಜರೀಗಿಡದ ಚಿಗುರಿನಂತೆ ಸುರುಟಿಕೊಂಡು ಬೆಳೆ ಹಾಳಾಯಿತು. ಹಾಕಿದ್ದು ಒಳ್ಳೆಯ ಕೊಟ್ಟಿಗೆ ಗೊಬ್ಬರ. ನೀರು, ಬಿಸಿಲು, ಶ್ರಮ ಯಾವುದಕ್ಕೂ ಕೊರತೆಯಿರಲಿಲ್ಲ. ಹುಲ್ಲುಗಾವಲಿಗೆ ಸಿಂಪಡಿಸಿದ ಅಮಿನೋಪೈರಾಲಿಡ್ ಎಂಬ ಕಳೆನಾಶಕವು ಹುಲ್ಲಿನಿಂದ ದನದ ಹೊಟ್ಟೆಗೆ ಹೋಗಿ, ಅಲ್ಲಿ ನಾಶವಾಗದೆ, ಸಗಣಿಯಲ್ಲಿ ಇಳಿದು, ಗೊಬ್ಬರದ ಮೂಲಕ ತೋಟಕ್ಕೆ ಬಂದಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿಯೂ ಕೆಲವು ವರ್ಷ ಮೊದಲು ಇದರ ದಾಯಾದಿಯೊಂದು ಇಂಥದೇ ಅನಾಹುತವನ್ನುಂಟುಮಾಡಿತ್ತು. ಶತಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಿದ್ದರೂ ಗಿಡವನ್ನು ಕೆಡಿಸುವ ಇಂಥ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಹುಡುಕಿಸುವುದು ಕಷ್ಟ, ವೆಚ್ಚವೂ ಅಪಾರ. ಆಗ ತೋಟಗಾರರಿಗೆ ದೊರೆತ ಸಲಹೆ ಇಷ್ಟೇ: ಸಂಶಯದ ಗೊಬ್ಬರವನ್ನು ಬೆರೆಸಿದ ಮಣ್ಣನ್ನು ಕೆಲವು ಕುಂಡಗಳಲ್ಲಿಯೂ, ಅದಿಲ್ಲದ ಮಣ್ಣನ್ನು ಕೆಲವು ಕುಂಡಗಳಲ್ಲಿಯೂ ತುಂಬಿ, ಎರಡರಲ್ಲಿಯೂ ಅವರೆ ಜಾತಿಯ ಕಾಳನ್ನು ಬಿತ್ತಿ, ಮೂರು ನಾಲ್ಕು ವಾರ ಎಲೆಗಳನ್ನು ನೋಡಿರಿ. ಉಪ್ಪಿಗೆ ಬೇಗ ಸೋತು ಡಾರ್ವಿನ್ನರ ಪಟ್ಟಿಯಲ್ಲಿ ಹಿಂದೆ ಬಿದ್ದಿದ್ದ ಆ ದ್ವಿದಳ ಕುಲವು, ಸೋಲುವ ಗುಣದಿಂದಲೇ ಇಲ್ಲಿ ಉಪಕಾರಿಯಾಯಿತು.

ಬೀಜಕ್ಕೆ ತಿಳಿಯದ ಸಂಗತಿಗಳೂ ಉಂಟೆಂಬುದನ್ನು ಮರೆಯತಕ್ಕದ್ದಲ್ಲ. ಪಾವಗಡ, ಬಾಗೇಪಲ್ಲಿಗಳ ಕಡೆಯ ಕೊಳವೆಬಾವಿಗಳಲ್ಲಿರುವ ಫ್ಲೋರೈಡು ಮನುಷ್ಯನ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಸಾಸಿವೆಯಾದರೋ ಆ ನೀರಿನಲ್ಲಿ ನಿರಾತಂಕವಾಗಿ ಮೊಳೆಯಬಹುದು. ಕಾಲರಾದ ರೋಗಾಣುಗಳಿಂದ ತುಂಬಿದ ನೀರಿನಲ್ಲಿ ಬೇರು ಸಂತೋಷದಿಂದ ಇಳಿಯಬಹುದು. ಚೊಂಬಿನ ತಾಮ್ರದ ವಿಷಯದಲ್ಲಿ ಹಿಂದೆ ಹೇಳಿದ ಮಾತಿನ ಇನ್ನೊಂದು ಮುಖವಿದು: ಮೊಳಕೆಯ ಹಿತವೂ ನಮ್ಮ ಹಿತವೂ ಒಂದೇ ಅಲ್ಲ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಬೈರಮಂಗಲದ ಕೆರೆಗೆ ಇಳಿಯುವ ವೃಷಭಾವತಿಯ ನೀರನ್ನು ನೋಡಿ. ಒಂದು ಕಾಲಕ್ಕೆ ಬಸವನಗುಡಿಯ ಭಕ್ತರು ನಂದಿಯ ಪಾದದಲ್ಲಿ ಹುಟ್ಟಿತೆಂದು ನಂಬಿದ ಆ ಹೊಳೆಯ ನೀರನ್ನು ಈಗ ಗದ್ದೆ ತರಕಾರಿಗಳಿಗೆ ಹಾಯಿಸುವ ರೈತನಿದ್ದಾನೆ. ಅದರಲ್ಲಿ ಕೊಳಚೆಯ ಸಾರವು ಗೊಬ್ಬರವಾಗಿ ಬೇರನ್ನು ಬೆಳೆಸುವುದೂ, ಲೋಹವಿದ್ದರೆ ಅದು ವಿಷವಾಗಿ ಬೇರನ್ನು ಕುಗ್ಗಿಸುವುದೂ ಏಕಕಾಲಕ್ಕೆ ನಡೆಯುವುದರಿಂದ, ನೀರನ್ನು ಇದ್ದಂತೆಯೇ ಒಂದು ಬಟ್ಟಲಿಗೆ ಹಾಕಿ ತೀರ್ಪು ಹೇಳುವುದು ಅವಸರವಾಗುತ್ತದೆ. ತೆಳುಮಾಡಿದ ಮೆಟ್ಟಿಲುಗಳು ಇಲ್ಲಿ ಬೇಕು.

ಮಾಡುವ ಬಗೆಯನ್ನು ಹೇಳಿ ಮುಗಿಸುತ್ತೇನೆ. ಅಂಗಡಿಯಲ್ಲಿ ಬಿತ್ತನೆಗೆಂದು ಮಾರುವ, ಔಷಧ ಲೇಪಿಸಿ ಬಣ್ಣಗಟ್ಟಿಸಿದ ಬೀಜ ಬೇಡ; ಅಡಿಗೆಮನೆಯ ಸಾಸಿವೆ, ಮೆಂತ್ಯ, ಇಲ್ಲವೆ ಅಳವಿ ಸಾಕು. ಸಣ್ಣ ಬೀಜಕ್ಕೆ ಒಡಲಿನಲ್ಲಿ ಬುತ್ತಿ ಕಡಮೆ. ಆದುದರಿಂದ ಅದು ಹೊರಗಿನ ನೀರಿಗೆ ಬೇಗ ಒಳಗಾಗುತ್ತದೆ. ಸಂಶಯದ ನೀರನ್ನು ಇದ್ದಂತೆಯೇ ಒಂದು ಬಟ್ಟಲಿಗೆ, ಅದರ ಒಂದು ಪಾಲಿಗೆ ಒಂಬತ್ತು ಪಾಲು ಒಳ್ಳೆಯ ನೀರು ಬೆರೆಸಿ ಇನ್ನೊಂದಕ್ಕೆ, ಆ ಮಿಶ್ರಣವನ್ನು ಮತ್ತೆ ಹಾಗೆಯೇ ತೆಳುಮಾಡಿ ಮತ್ತೊಂದಕ್ಕೆ. ಕೊನೆಯದಕ್ಕೆ ಬರಿಯ ಒಳ್ಳೆಯ ನೀರು, ತಾಮ್ರದ ಪಾತ್ರೆಯಲ್ಲಿಡದೆ ತಂದದ್ದು. ಬಟ್ಟಲುಗಳು ಗಾಜಿನವೋ ಪಿಂಗಾಣಿಯವೋ ಆಗಿದ್ದು, ಸಾಬೂನಿನ ಲೇಶವೂ ಉಳಿಯದಂತೆ ತೊಳೆದವಾಗಿರಬೇಕು. ಮನೆಯಾಕೆಯ ಮೂರನೆಯ ಸಂಶಯವು ಎಲ್ಲಕ್ಕಿಂತ ಹೆಚ್ಚು ಜಾಣತನದ್ದಾಗಿತ್ತು. ಪ್ರತಿಯೊಂದರ ತಳದಲ್ಲಿ ಬಿಳಿಯ ಬಟ್ಟೆಯನ್ನು ಹಾಸಿ, ಅದು ತೋಯುವಷ್ಟೇ ನೀರು ಹಾಕಿ, ಹತ್ತು ಹತ್ತು ಬೀಜಗಳನ್ನಿಟ್ಟು, ಮುಚ್ಚಿ, ಒಂದೇ ಮೂಲೆಯಲ್ಲಿ, ಕತ್ತಲಲ್ಲಿ, ಐದು ದಿನ ಬಿಡಬೇಕು. ಮೊಳೆತವೆಷ್ಟೆಂದು ಎಣಿಸುವುದರ ಜೊತೆಗೆ ಬೇರಿನ ಉದ್ದವನ್ನೂ ಮಿಲಿಮೀಟರುಗಳಲ್ಲಿ ಅಳೆಯಬೇಕು. ಏಕೆಂದರೆ ಬೀಜವು ಸಿಪ್ಪೆಯ ರಕ್ಷಣೆಯಲ್ಲಿ ಬುತ್ತಿಯನ್ನುಂಡು ಮೊಳೆತುಬಿಡಬಹುದು, ಬೇರಿಗೆ ಮಾತ್ರ ಆ ರಕ್ಷಣೆಯಿಲ್ಲ. ಯಾವ ಬಟ್ಟಲಿನಲ್ಲಿ ಯಾವ ನೀರೆಂಬುದನ್ನು ಚೀಟಿಯಲ್ಲಿ ಬರೆದು ಬಟ್ಟಲಿನ ತಳಕ್ಕೆ ಹೊರಗಿನಿಂದ ಅಂಟಿಸಿ, ಇಡುವ ಕೆಲಸವನ್ನು ಒಬ್ಬರೂ ಅಳೆಯುವ ಕೆಲಸವನ್ನು ಇನ್ನೊಬ್ಬರೂ ಮಾಡುವುದು ಉತ್ತಮ. ಆ ಚೀಟಿಯನ್ನು ಕೊನೆಯ ಬೇರನ್ನು ಅಳೆದು ಬರೆದಿಟ್ಟ ಮೇಲೆಯೇ ತಿರುವಿ ಓದತಕ್ಕದ್ದು.